ಗುಡಿಸುವ ವಾರ ಮತ್ತು ಬೇವಿನ ಸೊಪ್ಪು

ಸಂಜೆ ಕೆಲಸದಿಂದ ಬಂದು ನೋಡಿದರೆ ನನ್ನ ಬಾಗಿಲ ಹಿಡಿಗೆ ಒಂದು ಮರದ ಹಲಗೆ ನೇತಾಡುತ್ತಿತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಒಂದು ಪದ. ಬೆಳಿಗ್ಗೆ ಹೋಗುವಾಗ ಇರಲಿಲ್ಲ. ಉಳಿದ ಮನೆಗಳ ಬಾಗಿಲುಗಳು ಬೋಳಾಗಿದ್ದವು, ನನ್ನದಕ್ಕೆ ಮಾತ್ರ ಇದು. ಜರ್ಮನಿಯ ಟ್ಯೂಬಿಂಗೆನ್ ಎಂಬ ಊರಿಗೆ ನಾನು ಬಂದು ಆಗಿನ್ನೂ ವಾರ ಕಳೆದಿರಲಿಲ್ಲ. ಫೋನು ತೆಗೆದು ಆ ಪದದ ಅರ್ಥ ನೋಡಬಹುದಿತ್ತು. ನೋಡಲಿಲ್ಲ. ಶೂ ಬಿಚ್ಚಿ ಪಕ್ಕಕ್ಕಿಟ್ಟು, ಬೀಗದ ಕೈ ಜೇಬಿನಲ್ಲೇ ಇದ್ದರೂ, ಹೊರಗಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ಯಳಂದೂರು, ಕೊಳ್ಳೇಗಾಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ನಮ್ಮ ಮಾಂಬಳ್ಳಿಯ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಹುಳು ಬೆಳೆಯುವಾಗ ನಡುನಡುವೆ ಮೇಯುವುದು ಬಿಟ್ಟು, ತಲೆ ಎತ್ತಿಕೊಂಡು, ಪೊರೆ ಕಳಚಲು ಸುಮ್ಮನೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಹುಳು ಜ್ವರಕ್ಕೆ ಕೂತಿತೆಂದರೆ ಹುಳುಮನೆಯ ಬಾಗಿಲಿಗೆ ಬೇವಿನ ಸೊಪ್ಪಿನ ಕಟ್ಟು ಬಿತ್ತೆಂದೇ ಅರ್ಥ. ಹೊರಗಿನವರು ಬರಕೂಡದು, ಒಳಗಿನವರೂ ಕಾಲು ತೊಳೆಯದೆ ಹೋಗಕೂಡದು. ಬಾಗಿಲಿಗೆ ಏನಾದರೂ ನೇತಾಡುತ್ತಿದ್ದರೆ ನಮ್ಮ ಕಡೆ ಯಾರೂ ಅರ್ಥ ಹುಡುಕುವುದಿಲ್ಲ, ಚಪ್ಪಲಿ ಬಿಟ್ಟು ದೂರ ನಿಲ್ಲುತ್ತಾರೆ.

ಎದುರು ಮನೆಯ ಫ್ರೌ ಹೇಬರ್ಲೆ, ಫ್ರೌ ಎಂದರೆ ಇಲ್ಲಿ ಅಮ್ಮನವರು ಎಂದ ಹಾಗೆ, ಎಂಬತ್ತು ದಾಟಿದ ವಿಧವೆ, ಬಾಗಿಲು ತೆರೆದು ನನ್ನನ್ನೂ ನನ್ನ ಶೂಗಳನ್ನೂ ನೋಡಿದರು. ಹಲಗೆ ತೋರಿಸಿ, ನಾನು ಒಳಗೆ ಹೋಗಬಹುದೇ ಎಂದು ಹರಕು ಜರ್ಮನ್‌ನಲ್ಲಿ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಳಗೆ ಹೋಗಿ ಒಂದು ಪೊರಕೆಯನ್ನೂ ಬಕೆಟ್ಟನ್ನೂ ತಂದು ನನ್ನ ಕೈಗಿತ್ತರು. ಹಲಗೆಯ ಮೇಲಿದ್ದ ಪದ ಕೇರ್‌ವೊಖೆ. ಗುಡಿಸುವ ವಾರ ಎಂದರ್ಥ. ಈ ಸೀಮೆಯಲ್ಲಿ ಒಂದು ಕಟ್ಟಡದವರು ವಾರಕ್ಕೊಬ್ಬರಂತೆ ಮೆಟ್ಟಿಲು, ನೆಲಮಾಳಿಗೆ, ಬೀದಿಬಾಗಿಲು ಎಲ್ಲ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಹಲಗೆ. ಮುಗಿಸಿದ ಮೇಲೆ ಮುಂದಿನವರ ಬಾಗಿಲಿಗೆ ನಾವೇ ತಗುಲಿಸಿ ಬರಬೇಕು. ನಮ್ಮಲ್ಲಿ ಬಾಗಿಲಿಗೆ ಕಟ್ಟಿದ್ದು ಆಚೆ ನಿಲ್ಲು ಎನ್ನುತ್ತದೆ. ಇಲ್ಲಿಯದು, ನೀನೂ ಈ ಮನೆಯವಳೇ, ಬಂದು ಗುಡಿಸು ಎನ್ನುತ್ತದೆ. ಅವತ್ತು ಮೆಟ್ಟಿಲು ಗುಡಿಸುತ್ತ ಅತ್ತುಬಿಟ್ಟೆ. ಸಂತೋಷಕ್ಕಲ್ಲ, ಸಿಟ್ಟಿಗೆ. ನಮ್ಮವ್ವನ ಬಾಗಿಲಿಗೂ ಒಂದು ಕಟ್ಟು ಬೇವಿನ ಸೊಪ್ಪು ಬಿದ್ದಿತ್ತು.

ಅವ್ವನ ಹೆಸರು ಪುಟ್ಟತಾಯಮ್ಮ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡರು. ಅಪ್ಪನ ಅಣ್ಣನ ಸಂಸಾರವೂ ನಮ್ಮದೂ ಒಂದೇ ಮನೆ, ಒಂದೇ ಒಲೆ. ಯಜಮಾನಿಕೆಯೆಲ್ಲ ದೊಡ್ಡಮ್ಮ ಮಾದೇವಮ್ಮನದು. ಅವ್ವ ಇನ್ನೂ ವಯಸ್ಸಾಗುವ ಮುಂಚೆಯೇ ಮರೆಯತೊಡಗಿದಳು. ಮೊದಲು ಉಪ್ಪು, ಆಮೇಲೆ ಹೆಸರುಗಳು. ಒಂದು ಮಳೆಗಾಲ, ಹುಳು ಜ್ವರಕ್ಕೆ ಕೂತಿದ್ದಾಗ, ಅವು ಹಸಿದಿವೆ ಎಂದುಕೊಂಡು ತಟ್ಟೆಗಳ ಮೇಲೆಲ್ಲ ಒದ್ದೆ ಸೊಪ್ಪು ಹರಡಿಬಿಟ್ಟಳು. ಹುಳು ಸಾಕುವ ಮನೆಯ ಐದು ವರ್ಷದ ಮಗುವೂ ಮಾಡದ ಕೆಲಸ ಅದು. ಆ ಬೆಳೆ ಸುಣ್ಣಕಟ್ಟಿತು. ಥಂಡಿ ಹೆಚ್ಚಾದಾಗ ಬರುವ ರೋಗ, ಹುಳು ಸತ್ತು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಆ ಮಳೆಯಲ್ಲಿ ಬೀದಿಯ ಅರ್ಧ ಮನೆಗಳ ಹುಳುವಿಗೂ ಅದೇ ಆಗಿತ್ತು. ಆದರೆ ನಮ್ಮ ಮನೆಯಲ್ಲಿ ತಪ್ಪು ಹೊರಿಸಲು ಒಬ್ಬಳು ಸಿಕ್ಕಿದ್ದಳು.

“ಬುದ್ಧಿ ಕೆಟ್ಟೋಳ ಕಾಲ್ಗುಣ ಕಣ್ರವ್ವ,” ಎಂದು ದೊಡ್ಡಮ್ಮ ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಹೇಳಿದಳು. “ಇವ್ಳು ಒಳಕ್ ಬಂದ್ಲು, ಉಳ ಸುಣ್ಣ ಕಟ್ತು.”

“ಅಂಗಾರೆ ಪಕ್ಕದ್ ಮನೆ ಉಳಾನೂ ನಮ್ಮವ್ವನೇ ಸಾಯ್ಸಿದ್ಲಾ?” ಎಂದೆ ನಾನು.

“ಬಾಯ್ ಮುಚ್ಚು. ಓದೋಳು ನೀನು, ಓದ್ಕ ಓಗು.”

ಅವ್ವನಿಗೆ ಹುಳುಮನೆ ತಪ್ಪಿತು. ಆಮೇಲೆ ಅಡುಗೆಮನೆ, ಆಮೇಲೆ ಜಗಲಿ. ಕೊನೆಗೆ ಕಡಿದು ತಂದ ಹಿಪ್ಪುನೇರಳೆ ಸೊಪ್ಪು ಬಾಡದಂತೆ ಇಡುವ ಕೋಣೆಗೆ, ಕಿಟಕಿಯಿಲ್ಲದ, ಸದಾ ತೇವದ ಆ ಸೊಪ್ಪಿನ ಮನೆಗೆ, ಅವಳ ಚಾಪೆ ಹೋಯಿತು. ಬಾಗಿಲಿಗೆ ಬೇವಿನ ಕಟ್ಟು. ಹುಳುವಿಗೆ ಕಟ್ಟಿದ್ದು ಕೆಲವು ದಿನದಲ್ಲಿ ಬಿಚ್ಚುತ್ತಾರೆ. ಅವ್ವನಿಗೆ ಕಟ್ಟಿದ್ದು ಒಣಗಿದರೆ ಹೊಸದು ಬರುತ್ತಿತ್ತು. ಮುದ್ದೆಯ ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಕಾಲಿನಿಂದ ಒಳಕ್ಕೆ ತಳ್ಳುತ್ತಿದ್ದರು. ಯಾರೂ ಮಾತಾಡಿಸಕೂಡದೆಂದು ದೊಡ್ಡಮ್ಮ ಕಟ್ಟು ಮಾಡಿದ್ದಳು, ಆದರೂ ನಾನು ದಿನಾ ಕೊಳ್ಳೇಗಾಲದ ಕಾಲೇಜು ಮುಗಿಸಿ ಬಸ್ಸಿಳಿದು ಬಂದು ಸಂಜೆಯೆಲ್ಲ ಅವಳ ಜೊತೆ ಕೂತಿರುತ್ತಿದ್ದೆ. ಮಾತಾಡಿಸಿದರೆ ಮಾತಾಡುತ್ತಿದ್ದಳು, ನಗುತ್ತಿದ್ದಳು. ಮುಂದಿನ ಓದಿಗೆ ಮೈಸೂರಿಗೆ ಹೋದ ಮೇಲೆ ಆ ಸಂಜೆಗಳೂ ನಿಂತವು. ತೀರಿಕೊಳ್ಳುವ ಹೊತ್ತಿಗೆ ಅವಳ ಬಾಯಲ್ಲಿ ಒಂದು ಮಾತೂ ಉಳಿದಿರಲಿಲ್ಲ. ಮಣ್ಣಿಗಿಡುವ ದಿನ ಎಲ್ಲರಿಗಿಂತ ಜೋರಾಗಿ, ಎದೆ ಬಡಿದುಕೊಂಡು ಅತ್ತವಳು ದೊಡ್ಡಮ್ಮನೇ. ಆ ಅಳು ಇವತ್ತಿಗೂ ನನ್ನ ಕಿವಿಯಲ್ಲಿದೆ. ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ಹಾವು ಬೇಗ ಮರೆಯುವ ಪ್ರಾಣಿ ಅಂತ ಕಾಣುತ್ತದೆ.

ಹಾಗಾಗಿ ನಾನು ಮೆದುಳಿನ ರೋಗವನ್ನು ಓದಿದ್ದು ಮನುಕುಲದ ಉದ್ಧಾರಕ್ಕಲ್ಲ. ಅವ್ವನ ಮೆದುಳನ್ನು ತಿಂದವರು ಯಾರು ಎಂದು ತಿಳಿಯಬೇಕಿತ್ತು. ತಿಳಿದು ಬಂದು ಮಾದೇವಮ್ಮನ ಮುಖಕ್ಕೆ ಹೇಳಬೇಕಿತ್ತು. ಆ ಛಲವೇ ನನ್ನನ್ನು ಈ ಊರಿನ ಪ್ರಯೋಗಾಲಯದವರೆಗೆ ನೂಕಿಕೊಂಡು ಬಂತು.

ಇಲ್ಲಿ ಕೆಲಸ ಕಲಿಯುವುದಕ್ಕಿಂತ ಬದುಕು ಕಲಿಯುವುದು ಕಷ್ಟವಾಯಿತು. ಮೈಸೂರಿನ ಓದು ಮುಗಿಸಿ ಹೈದರಾಬಾದಿನಲ್ಲಿದ್ದಾಗ ತರಗತಿಗೆ ಹೋಗಿ ಕಲಿತ ಜರ್ಮನ್ ಇವರ ಬಾಯಲ್ಲಿ ಇಲ್ಲವೇ ಇಲ್ಲ. ಇವರದು ಶ್ವೇಬಿಷ್, ಈ ಸೀಮೆಯ ಆಡುನುಡಿ. ಮೈಸೂರಿನ ಮೇಷ್ಟರು ಹನೂರಿನ ಸಂತೆಯಲ್ಲಿ ನಿಂತರೆ ಏನು ತಿಳಿಯುತ್ತದೋ ಅಷ್ಟೇ ನನಗೂ ತಿಳಿಯುತ್ತಿದ್ದದ್ದು. ಕಂಡದ್ದಕ್ಕೆಲ್ಲ ‘ಲೆ’ ಸೇರಿಸುತ್ತಾರೆ, ಅದು ಮುದ್ದಿಗೆ. ನಮ್ಮೂರಲ್ಲಿ ಲೇ ಎಂದರೆ ಮುದ್ದೋ ಜಗಳವೋ ಎನ್ನುವುದು ಮುಂದಿನ ಮಾತಿನ ಮೇಲೆ ನಿಂತಿರುತ್ತದೆ. ಊಟಕ್ಕೆ ಶ್ಪೆಟ್ಸ್‌ಲೆ ಎಂಬ ಮೈದಾಹಿಟ್ಟಿನ ಗಿಡ್ಡ ಎಳೆಗಳು. ಕುದಿಯುವ ನೀರಿಗೆ ಹಿಟ್ಟು ಕೆರೆದು ಹಾಕುತ್ತಾರೆ. ನನಗೆ ಅದರ ರುಚಿಗಿಂತ ಬೇಯುವ ವಾಸನೆ ಹಿಡಿಸಿತು. ಊರಿಂದ ತಂದ ರಾಗಿ ಹಿಟ್ಟು ಮುಗಿದ ದಿನ, ಹೇಳಲು ನಾಚಿಕೆ, ಖಾಲಿ ಚೀಲವನ್ನು ಮೂಸಿ ಮಲಗಿದೆ. ಇನ್ನು ಭಾನುವಾರ. ಅಂಗಡಿ ಇಲ್ಲ, ಸದ್ದಿಲ್ಲ, ಬೀದಿಯಲ್ಲಿ ನಾಯಿಯೂ ಬೊಗಳುವುದಿಲ್ಲ. ಊರಲ್ಲಿ ಇಷ್ಟು ನಿಶ್ಶಬ್ದವೆಂದರೆ ಯಾರೋ ಸತ್ತಿದ್ದಾರೆ ಎಂದರ್ಥ.

ಹಳೆಯ ಚರ್ಚೊಂದರ ಹಿಂದೆ ಒಂದು ಹಿಪ್ಪುನೇರಳೆ ಮರ ಕಂಡೆ. ನಮ್ಮ ತೋಟದಲ್ಲಿ ಅದನ್ನು ಬೆಳೆಯಲು ಬಿಟ್ಟವರೇ ಇಲ್ಲ, ಸೊಂಟದೆತ್ತರ ಬಂದರೆ ಕಡಿಯುತ್ತಿದ್ದೆವು. ಅದು ಇಷ್ಟು ದೊಡ್ಡ ಮರವಾಗಬಲ್ಲದು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಎಲೆ ಕಿತ್ತು ಕೈಯಲ್ಲಿ ಹೊಸಕಿದೆ. ಅದೇ ವಾಸನೆ, ಸೊಪ್ಪಿನ ಮನೆಯದು. ಮತ್ತೆ ಆ ಕಡೆ ಹೋಗಲಿಲ್ಲ.

ಪ್ರಯೋಗಾಲಯದಲ್ಲಿ ನನ್ನ ಮೇಲಿನವರು ಉಲ್ರಿಕೆ ಎಂಬ ವಿಜ್ಞಾನಿ, ನನಗಿಂತ ಸ್ವಲ್ಪ ದೊಡ್ಡವರು. ಸಾಯುವ ಮುನ್ನ ಒಪ್ಪಿಗೆ ಕೊಟ್ಟವರ ಮೆದುಳಿನಿಂದ ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದ ಚೂರುಗಳಿಗೆ ಬಣ್ಣ ಹಾಕಿ ನೋಡುವುದು ನನ್ನ ಕೆಲಸ. ಮೆದುಳೆಂದರೆ ಎಲ್ಲರೂ ನರಕೋಶವನ್ನೇ ನೆನೆಯುತ್ತಾರೆ. ಆದರೆ ಅದು ಒಂಟಿ ಬಾಳುವ ಜೀವ ಅಲ್ಲ. ಅದಕ್ಕೆ ಉಣಿಸುವ ಕೋಶಗಳಿವೆ, ಅದರ ತಂತಿಗೆ ಹೊದಿಕೆ ಸುತ್ತುವ ಕೋಶಗಳಿವೆ, ಕಸ ಗುಡಿಸಿ ಕಾವಲು ಕಾಯುವ ಕೋಶಗಳಿವೆ. ಈ ಆಸರೆ ಕೋಶಗಳಿಗೆ ಇಲ್ಲಿ ಹಿಂದೆ ನೆರ್ವೆನ್‌ಕಿಟ್ ಎನ್ನುತ್ತಿದ್ದರಂತೆ. ಕಿಟ್ ಎಂದರೆ ಕಿಟಕಿಯ ಗಾಜು ಕೂರಿಸುವ ಮೇಣದಂಥ ಅಂಟು. ನರಗಳ ನಡುವೆ ತುಂಬಿದ ಬರೀ ಅಂಟು ಎಂದು ಉಪೇಕ್ಷೆ ಮಾಡಿದ್ದರು. ಈಗ ಗೊತ್ತಾಗಿರುವುದು ಬೇರೆ. ಮರೆವಿನ ರೋಗದಲ್ಲಿ ಗುಡಿಸುವ ಕೋಶಗಳು ಕೆರಳಿ, ಕಸದ ಜೊತೆಗೆ ನರಕೋಶಗಳು ಒಂದನ್ನೊಂದು ಮುಟ್ಟುವ ಒಳ್ಳೆಯ ಕೊಂಡಿಗಳನ್ನೂ ತಿಂದುಹಾಕುತ್ತವೆ. ಉಣಿಸಬೇಕಾದವು ಉಣಿಸುವುದನ್ನು ಬಿಡುತ್ತವೆ.

ಮೊದಲ ಸಲ ಅದನ್ನು ಕಣ್ಣಾರೆ ಕಂಡೆ. ಸೊರಗಿದ ಒಂದು ನರಕೋಶ, ಸುತ್ತ ಉಬ್ಬಿ ಕೂತ ಗುಡಿಸುವ ಕೋಶಗಳು. “ಸಿಕ್ಕಿಬಿದ್ಯಲ್ಲೇ ಮಾದೇವಿ,” ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಪಕ್ಕದಲ್ಲಿದ್ದ ಉಲ್ರಿಕೆ ಏನೆಂದು ಕೇಳಿದರು. ಕೊಲೆಗಾರರು ಸಿಕ್ಕರು ಎಂದೆ.

“ಕೊಲೆಗಾರರಲ್ಲ,” ಎಂದರು ಅವರು. “ಇಲಿಯ ಮೆದುಳಿನಿಂದ ಇವನ್ನು ತೆಗೆದುಹಾಕಿ ನೋಡಿದ್ದಾರೆ. ಕೆಲವೊಮ್ಮೆ ಒಳ್ಳೆಯದಾಗುತ್ತದೆ, ಕೆಲವೊಮ್ಮೆ ಕಸ ಇನ್ನಷ್ಟು ಹರಡುತ್ತದೆ. ಕಾಯುವುದೂ ಇವೇ, ತಿನ್ನುವುದೂ ಇವೇ. ಯಾವಾಗ ಯಾಕೆ ತಿರುಗಿಬೀಳುತ್ತವೆ ಅನ್ನುವುದೇ ನಮ್ಮ ಪ್ರಶ್ನೆ.”

ನನಗೆ ಆ ಉತ್ತರ ಬೇಡವಾಗಿತ್ತು. ಅಷ್ಟು ದೂರ ಬಂದದ್ದು ಅಪರಾಧಿಯ ಹೆಸರಿಗೆ. ಪ್ರಶ್ನೆ ನನ್ನ ಹತ್ತಿರವೇ ಬೇಕಾದಷ್ಟಿತ್ತು.

ಹೀಗೆ ವರ್ಷಗಳು ಕಳೆದವು. ಫ್ರೌ ಹೇಬರ್ಲೆ ಒಂದು ದಿನ ನಾನು ಒರೆಸಿದ ಮೆಟ್ಟಿಲ ಮೂಲೆಗೆ ಬೆರಳಾಡಿಸಿ ನೋಡಿ, ಏನೂ ಅನ್ನದೆ ಒಳಗೆ ಹೋದರು. ಈ ಸೀಮೆಯಲ್ಲಿ ಬೈಯದಿದ್ದರೆ ಅದೇ ದೊಡ್ಡ ಹೊಗಳಿಕೆ. ಅವತ್ತು ನಾನು ಗೆದ್ದವಳಂತೆ ಓಡಾಡಿದೆ. ಅದೇ ಚಳಿಗಾಲದಲ್ಲಿ ಊರಿಂದ ಫೋನು ಬಂತು. ದೊಡ್ಡಮ್ಮನ ಮಗ ಸ್ವಾಮಣ್ಣ.

“ರತ್ನಿ, ಅವ್ವ ಎಲ್ಲಾ ಮರ್ತೋಯ್ತಾವ್ಳೆ ಕಣವ್ವ. ಮೈಸೂರ್ಗೆ ತೋರ್ಸುದ್ವಿ. ಚಿಕ್ಕವ್ವುಂಗ್ ಬಂದಿತ್ತಲ್ಲ, ಅದೇಯ ಅಂದ್ರು. ನೀನು ಅದ್ನೇ ಓದಿದ್ದೀಯಲ್ಲ, ಏನಾರ ಮದ್ದೈತಾ?”

ಫೋನು ಕೈಯಲ್ಲಿ ಹಿಡಿದು ನಿಂತವಳಿಗೆ ನಗು ಬಂತು. ಮಾಡಿದ್ದುಣ್ಣೋ ಮಹರಾಯ. ಇಷ್ಟು ವರ್ಷ ಕಾದದ್ದು ತಾನಾಗಿ ಬಾಗಿಲಿಗೆ ಬಂದಿತ್ತು. ಆದರೆ ನಗು ಮುಗಿಯುವ ಮೊದಲೇ ಇನ್ನೊಂದು ಹೊಳೆಯಿತು. ಅವಳು ಮರೆತುಬಿಟ್ಟರೆ? ನಾನು ಯಾರ ಮುಖಕ್ಕೆ ಹೇಳಲಿ? ಮಾಡಿದ್ದು ನೆನಪಿರುವವರಿಂದ ಮಾತ್ರ ತಪ್ಪೊಪ್ಪಿಸಬಹುದು.

“ಮದ್ದಿಲ್ಲ ಅಣ್ಣ,” ಎಂದೆ. “ಆದ್ರೆ ಒಂಟಿ ಬುಡಬ್ಯಾಡ. ದಿನಾ ಮಾತಾಡ್ಸು. ನಮ್ಮವ್ವನ ಇಸ್ಯ ಕೇಳು. ಸೊಪ್ಪಿನ್ ಮನೆ ಇಸ್ಯ ಕೇಳು. ಅದೊಂದ್ ಮಾತ್ರ ಮರೀಬಾರ್ದು.”

“ನೀನ್ ಒಳ್ಳೇಳು ಕಣ್ ರತ್ನಿ,” ಎಂದ ಅವನು. ನಾನು ಯಾಕೆ ಹಾಗೆ ಹೇಳಿದೆನೆಂದು ಅವನಿಗೆ ತಿಳಿದಿರಲಿಲ್ಲ. ನಾನು ಸಿಕ್ಕ ಮೊದಲ ವಿಮಾನಕ್ಕೆ ಹೊರಟೆ, ನೆನಪಿನ ಜೊತೆ ಪಂದ್ಯ ಕಟ್ಟಿದವಳ ಹಾಗೆ.

ಮಾಂಬಳ್ಳಿಯ ಮನೆಯಲ್ಲಿ ಹುಳುಗಳು ಕಡೆಯ ಜ್ವರ ಮುಗಿಸಿ ಎದ್ದು ಮೇಯುತ್ತಿದ್ದವು. ಜಗಲಿಗೆ ಕಾಲಿಡುವಾಗಲೇ ಸೊಪ್ಪು ಕಡಿಯುವ ಆ ಸದ್ದು, ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ. ಸ್ವಾಮಣ್ಣ ನನ್ನನ್ನು ಹಿತ್ತಲ ಕಡೆ ಕರೆದುಕೊಂಡು ಹೋದ. ಸೊಪ್ಪಿನ ಮನೆಯ ಬಾಗಿಲಿಗೆ ಹೊಸದಾಗಿ ಕಟ್ಟಿದ ಬೇವಿನ ಸೊಪ್ಪು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಸ್ವಾಮಣ್ಣನ ಹೆಂಡತಿ ಗೀತಾ ಸೆರಗಿನ ತುದಿ ತಿರುವುತ್ತ, “ಏನ್ ಮಾಡದಕ್ಕ, ಉಳದ್ ಮನೆಗೆ ನುಗ್ಬುಡ್ತದೆ ಮುದುಕಿ,” ಎಂದಳು. ಆ ಬೇವನ್ನು ಕಂಡು ನನಗೆ ಸಂತೋಷವಾಯಿತು. ಸುಳ್ಳು ಹೇಳಿ ಏನಾಗಬೇಕು.

ಒಳಗೆ ಚಾಪೆಯ ಮೇಲೆ ದೊಡ್ಡಮ್ಮ ಕೂತಿದ್ದಳು. ಅದೇ ಮೂಲೆ. ನನ್ನನ್ನು ನೋಡಿ ಗದರಿದಳು. “ಯಾರವ್ವ ನೀನು? ಕಾಲ್ ತೊಳ್ದಿದ್ದೀಯಾ? ಒರಗ್ನೋರು ಇಲ್ಲೆಲ್ಲ ಬರಂಗಿಲ್ಲ.”

“ಪುಟ್ಟತಾಯಮ್ಮನ ಮಗ್ಳು,” ಎಂದೆ, ಒಂದೊಂದೇ ಅಕ್ಷರ ಬಿಡಿಸಿ.

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಹುಬ್ಬು ಗಂಟಿಕ್ಕಿ. “ಪುಟ್ತಾಯಮ್ಮ ಅಂದ್ರೆ ಯಾರು?”

ಶಾಸ್ತ್ರ ನೆನಪಿತ್ತು, ಕಾಲು ತೊಳೆಯುವುದು ನೆನಪಿತ್ತು. ನಮ್ಮವ್ವ ನೆನಪಿರಲಿಲ್ಲ. ಕೊಂದದ್ದನ್ನು ಮರೆತು ಹಾಯಾಗಿ ಕೂತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಅವಳ ಮುಂದೆ ನೆಲದ ಮೇಲೆ ಕೂತೆ. ಒಬ್ಬಳಿದ್ಲು ಕಣಮ್ಮ, ಎಂದು ಶುರು ಮಾಡಿದೆ. ಗಂಡ ಸತ್ತವಳು, ವಾರಗಿತ್ತಿಯ ಮನೆಯಲ್ಲಿ ಗೇದವಳು, ಮರೆವು ಬಂದವಳು. ಜ್ವರಕ್ಕೆ ಕೂತ ಹುಳುವಿಗೆ ಹಸಿವೆಂದು ಸೊಪ್ಪು ಹಾಕಿದವಳು. ವಾರಗಿತ್ತಿ ಅವಳನ್ನು ಕಿಟಕಿಯಿಲ್ಲದ ಕೋಣೆಗೆ ಹಾಕಿದ್ದು, ತಟ್ಟೆಯನ್ನು ಕಾಲಲ್ಲಿ ತಳ್ಳಿದ್ದು, ಯಾರೂ ಮಾತಾಡಿಸಬಾರದೆಂದು ಕಟ್ಟು ಮಾಡಿದ್ದು, ಆಮೇಲೆ ಎದೆ ಬಡಿದುಕೊಂಡು ಅತ್ತಿದ್ದು. ಒಂದನ್ನೂ ಬಿಡಲಿಲ್ಲ.

ದೊಡ್ಡಮ್ಮ ಕಣ್ಣು ಮಿಟುಕಿಸದೆ ಕೇಳಿದಳು. ಕಣ್ಣಲ್ಲಿ ನೀರು ತುಂಬಿತು. ಆಮೇಲೆ ನೆಲಕ್ಕೆ ಕೈ ಬಡಿದು ಕೂಗಿದಳು.

“ಥೂ, ಎಂಗ್ಸಾ ಅವ್ಳು! ಅವ್ಳ್ ಕೈಗೆ ಉಳ ಬೀಳ! ಅವ್ಳ್ ಮನೆ ಆಳಾಗ! ಅವ್ಳ್ ಮನೇಲಿ ಉಳೆಲ್ಲಾ ಸುಣ್ಣ ಕಟ್ಟೋಗ್ಲಿ!”

ಬಾಗಿಲಲ್ಲಿ ನಿಂತಿದ್ದ ಗೀತಾ ಹೌಹಾರಿದಳು. ಗೋಡೆಯಾಚೆಗೇ ಮೇಯುತ್ತಿದ್ದ ಹುಳುಗಳು. “ಬುಡ್ತು ಅನ್ನತ್ತೆ, ಬುಡ್ತು ಅನ್ನು!”

“ಯಾಕ್ ಅನ್ಲಿ? ಅಂಥೋಳ್ಗೆ ಯಾಕ್ ಬುಡ್ತು ಅನ್ಲಿ? ಅನ್ನಕಿಲ್ಲ.”

ಇಷ್ಟು ವರ್ಷ ನಾನು ಮನಸ್ಸಿನಲ್ಲಿ ಬರೆದು ತಿದ್ದಿದ ಯಾವ ಬೈಗುಳವೂ ಇಷ್ಟು ಚೆನ್ನಾಗಿರಲಿಲ್ಲ. ಮಾದೇವಮ್ಮನಿಗೆ ಮಾದೇವಮ್ಮನೇ ತೀರ್ಪು ಕೊಟ್ಟಿದ್ದಳು, ಯಾರ ಮೇಲೆಂದು ತಿಳಿಯದೆ. ಸ್ವಾಮಣ್ಣ ಗೋಡೆ ಕಡೆ ಮುಖ ಮಾಡಿಕೊಂಡು ಅಳುತ್ತಿದ್ದ. ನಾನು ಎದ್ದು ಬಾಗಿಲಿನ ಬೇವಿನ ಕಟ್ಟನ್ನು ಕಿತ್ತು ಹಿತ್ತಲಿಗೆ ಎಸೆದೆ. ಕರುಣೆಯಿಂದ ಎಂದು ಅವರು ತಿಳಿದರು. ಕರುಣೆ ಅಲ್ಲ. ನಮ್ಮವ್ವ ಕೂತ ಮೂಲೆಯಲ್ಲಿ ಕೂರುವ ಯೋಗ್ಯತೆ ಅವಳಿಗಿಲ್ಲ ಎನ್ನಿಸಿತ್ತು. ಜಗಲಿಗೆ ಕರೆತಂದು ಕೂರಿಸಿದೆವು, ಬೀದಿ ಕಾಣುವ ಹಾಗೆ, ಬೀದಿಗೆ ಅವಳು ಕಾಣುವ ಹಾಗೆ. ಗೀತಾ ಆ ಬಾಗಿಲಿಗೆ ಮತ್ತೆ ಏನನ್ನೂ ಕಟ್ಟಲಿಲ್ಲ. ಹುಳುವಿಗೂ ಏನೂ ಆಗಲಿಲ್ಲ, ಗೂಡು ಚೆನ್ನಾಗಿಯೇ ಬಂತಂತೆ.

ಈಗ ನಾನು ಮತ್ತೆ ಟ್ಯೂಬಿಂಗೆನ್‌ನಲ್ಲಿದ್ದೇನೆ. ಭಾನುವಾರ ಆ ಸತ್ತ ನಿಶ್ಶಬ್ದದಲ್ಲಿ ಊರಿಗೆ ಫೋನು ಹಚ್ಚುತ್ತೇನೆ. ಸ್ವಾಮಣ್ಣ ಜಗಲಿಯ ಮೇಲೆ ದೊಡ್ಡಮ್ಮನ ಕೈಗೆ ಫೋನು ಕೊಡುತ್ತಾನೆ. ಪುಟ್ಟತಾಯಮ್ಮನ ಕತೆ ಹೇಳುತ್ತೇನೆ. ಅವಳಿಗೆ ಪ್ರತಿ ಸಲವೂ ಅದು ಹೊಸದು. ಪ್ರತಿ ಸಲವೂ ಅದೇ ಜಾಗದಲ್ಲಿ ಅಳು, ಅದೇ ಜಾಗದಲ್ಲಿ ಶಾಪ. ನನಗೆ ಅದೊಂದು ಚಟವಾಗಿದೆ. ಭಾನುವಾರ ಬಂತೆಂದರೆ ದೊಡ್ಡಮ್ಮ ಕೂದಲು ಬಾಚಿಸಿಕೊಂಡು ಕಾಯುತ್ತಾಳೆ, ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಾಳೆ, ಡಾಕ್ಟರಿಗೂ ಸಮಾಧಾನ ಎಂದು ಸ್ವಾಮಣ್ಣ ಹೇಳಿದ. ನನ್ನ ಸೇಡು ಅವಳಿಗೆ ಅನ್ನವಾಗುತ್ತಿದೆ. ನಿಲ್ಲಿಸೋಣವೆಂದರೆ ಸೇಡು ನಿಲ್ಲುತ್ತದೆ. ಉಲ್ರಿಕೆಗೆ ಇದನ್ನು ಹೇಳಿದೆ. ಅವರು ನಗಲಿಲ್ಲ, ಕಾಫಿ ಕಾಯಿಸಿ ಕೊಟ್ಟರು.

ಕಳೆದ ಭಾನುವಾರ ನನ್ನ ಗುಡಿಸುವ ವಾರ ಮುಗಿದಿತ್ತು. ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು, ಕತೆ ಹೇಳುತ್ತಲೇ, ಹಲಗೆಯನ್ನು ಫ್ರೌ ಹೇಬರ್ಲೆಯ ಬಾಗಿಲಿಗೆ ತಗುಲಿಸಲು ಹೊರಗೆ ಬಂದಿದ್ದೆ. ಶಾಪ ಹಾಕಿ ಮುಗಿಸಿದ ದೊಡ್ಡಮ್ಮ ಯಾವತ್ತೂ ಕೇಳದ ಒಂದು ಮಾತು ಕೇಳಿದಳು.

“ಆ ಪುಟ್ತಾಯಮ್ಮುಂಗೆ ಒಂದ್ ಎಣ್ ಮಗ ಇತ್ತಲ್ಲವ್ವ. ಅದೇನಾಯ್ತು?”

“ದೂರ ಒಂಟೋಯ್ತು,” ಎಂದೆ.

“ಅಯ್ಯೋ ಪಾಪ. ಅದ್ನ ಯಾರ್ ಮಾತಾಡ್ಸ್ತಾರೆ ಅಲ್ಲಿ?”

ಮೆಟ್ಟಿಲ ಮೇಲೆ ಕುಳಿತೆ. ಬಾಗಿಲು ನನ್ನದೇ, ತೆರೆದೇ ಇತ್ತು. ಆ ಕಡೆ ದೊಡ್ಡಮ್ಮ ಉತ್ತರಕ್ಕೆ ಕಾಯುತ್ತಿದ್ದಳು.

“ನೀನೇಯ,” ಎಂದೆ. “ಭಾನ್ವಾರ ಭಾನ್ವಾರ.”